ಎರಡನೇ ವರ್ಗದ ಮಾತ್ರೆ

ಅತ್ತಿಗೆಯ ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯುವುದೆಂದರೆ ಮನೆಯಲ್ಲಿದ್ದಂತೆಯೇ ಎಂದುಕೊಂಡಿದ್ದಳು ನಾದಿನಿ. ಆ ಭ್ರಮೆ ಮೊದಲ ದಿನವೇ ಇಳಿಯಿತು. ಮನೆಯಲ್ಲಿ ಬೆಣ್ಣೆಯಂತಿರುವ ಅತ್ತಿಗೆ ಬಿಳಿ ಕೋಟು ತೊಟ್ಟರೆ ಬೇರೆಯೇ ಹೆಂಗಸು. ಬೀಗದ ಕಪಾಟಿನ ಮುಂದೆ ನಿಲ್ಲಿಸಿಕೊಂಡು ಪಾಠ ಹೇಳಿದ್ದಳು.

“ಚಟ ಹಿಡಿಸೋ ಔಷಧಿಗಳನ್ನ ಈ ದೇಶದ ಕಾನೂನು ಐದು ವರ್ಗ ಮಾಡಿದೆ. ಸಂಖ್ಯೆ ಇಳಿದಷ್ಟೂ ಬಿಗಿ ಜಾಸ್ತಿ, ತಿಳೀತಾ? ಒಂದನೇ ವರ್ಗದ್ದು ನಮ್ಮ ಬಾಗಿಲಿಗೇ ಬರಲ್ಲ. ಎರಡನೇದಕ್ಕೆ ಪ್ರತಿ ಸಲ ಡಾಕ್ಟರ್ ಹತ್ರ ಹೊಸ ಚೀಟಿ. ಐದನೇದು ಕೆಮ್ಮಿನ ಸಿರಪ್ಪಿನಂಥದ್ದು, ಅಷ್ಟು ಬಿಗಿ ಇಲ್ಲ.”

ನಾದಿನಿ ಕೋಲೆಬಸವನ ಹಾಗೆ ತಲೆಯಾಡಿಸಿದಳು. ಕಿವಿಗೆ ಬಿದ್ದದ್ದು ತಲೆಗೆ ಹೋಗಬೇಕಲ್ಲ! ಐದು ದೊಡ್ಡದು, ಎರಡು ಚಿಕ್ಕದು ಎಂಬ ಒಂದನೇ ತರಗತಿಯ ಲೆಕ್ಕವೇ ಒಳಗೆ ಕೂತಿತ್ತು. ಅಮ್ಮನ ಮೂಳೆನೋವಿನ ಮಾತ್ರೆಗೆ ಹೊಸ ಚೀಟಿ ತರಲು ಹೊರಟ ಅಣ್ಣನನ್ನು ಅವಳೇ ತಡೆದಳು.

“ಸುಮ್ನೆ ಯಾಕಣ್ಣ ಅಲೀತೀಯ? ಅದು ಬರೀ ಎರಡನೇ ವರ್ಗ. ಹಳೇ ಚೀಟಿಗೇ ನಾನು ತರ್ತೀನಿ.”

ಅಣ್ಣ ನಂಬಿ ಪರವೂರಿಗೆ ಹೋದ. ಮಾತ್ರೆ ಮುಗಿದ ಬೆಳಿಗ್ಗೆ ಅವಳು ಹಳೇ ಚೀಟಿಯನ್ನು ಅತ್ತಿಗೆಯ ಮುಂದಿಟ್ಟಳು.

“ಇದಕ್ಕೆ ಕೊಡೋಕಾಗಲ್ಲ.”

“ಅತ್ತಿಗೆ, ಅಮ್ಮ ನರಳ್ತಿದಾಳೆ. ಒಂದೇ ಒಂದು ಮಾತ್ರೆ ಕೊಡಿ, ಸಂಜೆ ಚೀಟಿ ತರ್ತೀನಿ.”

“ಆಗಲ್ಲ ಅಂದೆನಲ್ಲ.”

“ನಿಮ್ಮಮ್ಮ ಆಗಿದ್ರೆ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತಿಗೆಯ ಮುಖ ಬಾಡಿತು. ಜೊತೆಯ ಫಾರ್ಮಸಿಸ್ಟನಿಗೆ ಅಂಗಡಿ ಒಪ್ಪಿಸಿ, ಕೋಟು ಸಹ ಬಿಚ್ಚದೆ ಆಸ್ಪತ್ರೆಯತ್ತ ಹೊರಟಳು. “ನಾನೇ ಹೋಗ್ತೀನಿ” ಎಂದು ನಾದಿನಿ ಹಿಂದೆ ಓಡಿದರೆ, “ನೀನು ಇಲ್ಲೇ ಇರು” ಎಂದಳು. ಕಲ್ಲು ಮನಸ್ಸಿನವಳು ಎಂದು ನಾದಿನಿ ಒಳಗೊಳಗೇ ಶಪಿಸಿದಳು.

ಮಧ್ಯಾಹ್ನದೊಳಗೆ ಅತ್ತಿಗೆ ಬೆವರು ಸುರಿಸುತ್ತ ಹೊಸ ಚೀಟಿ ತಂದಳು. ಆಗಲೂ ಕಪಾಟು ಮುಟ್ಟಲಿಲ್ಲ. ಸ್ವಂತ ಮನೆಯ ಔಷಧಿಯನ್ನು ಸ್ವಂತ ಕೈಯಿಂದ ತೆಗೆಯಬಾರದು ಎಂಬುದು ಆ ಅಂಗಡಿಯಲ್ಲಿ ಅವಳೇ ಮಾಡಿದ ಕಟ್ಟಳೆ. ಎಲ್ಲ ಗಿರಾಕಿಗಳ ಹಾಗೆ ಕೌಂಟರಿನ ಆಚೆ ನಿಂತಳು. ಫಾರ್ಮಸಿಸ್ಟ್ ಮಾತ್ರೆ ಎಣಿಸಿದ, ನಾದಿನಿಗೂ ಮತ್ತೊಮ್ಮೆ ಎಣಿಸಲು ಹೇಳಿದ. ಆಚೆ ನಿಂತವಳನ್ನು ನೋಡುತ್ತ ನೋಡುತ್ತ ನಾದಿನಿಗೆ ಎಣಿಕೆ ತಪ್ಪಿತು. ಇಂಥವಳನ್ನು ಶಪಿಸಿದೆನಲ್ಲ ಎಂದುಕೊಂಡಳು. ಕಣ್ಣೊರೆಸಿಕೊಂಡು ಮೊದಲಿನಿಂದ ಎಣಿಸಿದಳು.

ಮನೆಯಲ್ಲಿ ಮಾತ್ರೆ ನುಂಗಿದ ಅಮ್ಮನಿಗೆ ನಿಧಾನವಾಗಿ ನಿದ್ದೆ ಹತ್ತಿತು. ನಾದಿನಿ ಅತ್ತಿಗೆಯ ಪಕ್ಕ ಕೂತಳು.

“ತಪ್ಪಾಯ್ತು ಅತ್ತಿಗೆ. ಅಣ್ಣನ್ನ ತಡೆದೋಳೇ ನಾನು. ಚೀಟಿಗೆ ನನ್ನನ್ನೇ ಓಡಿಸಬಹುದಿತ್ತಲ್ಲ, ನೀವ್ಯಾಕೆ ಹೋದ್ರಿ?”

ಅತ್ತಿಗೆ ತನ್ನ ಅತ್ತೆಯ ಹಣೆ ಒರೆಸುತ್ತಿದ್ದಳು.

“ಅಲ್ಲಿ ಇನ್ನೊಂದು ಗಳಿಗೆ ನಿಂತಿದ್ರೆ ನಾನೇ ಬೀಗ ತೆಗೆದುಬಿಡ್ತಿದ್ದೆ ಕಣೇ” ಎಂದಳು.