ದನಿ ಕೊಟ್ಟವರ ಹೆಸರು

ಪುಸ್ತಕಗಳಿಗೆ ರಟ್ಟು ಕಟ್ಟಿ ಕಟ್ಟಿಯೇ ಬೀದಿಗೆಲ್ಲ ಅವರು ರಟ್ಟಪ್ಪನಾಗಿದ್ದರು. ಈಗ ಕಣ್ಣು ಮಂಜು. ಮಗಳು ಅವರಿಗಾಗಿ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರ್ ಪ್ರೋಗ್ರಾಂ ಮಾಡಿದಳು. ತಪ್ಪು ಓದಿದಲ್ಲೆಲ್ಲ ಹಿಡಿದು ತಿದ್ದಿಸಿದವರು ರಟ್ಟಪ್ಪನೇ. ಅವರ ಹಿಗ್ಗು ಹೇಳತೀರದು. "ಪೂರ್ತಿ ನನ್ನ ಮಗಳೇ ಬರೆದಿದ್ದು" ಎಂದು ಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು. ಕಣ್ಣು ಕಾಣದ ಗೆಳೆಯರು ಸೇರುವ ವಾಚನಾಲಯಕ್ಕೂ ಕೊಡುತ್ತೇನೆಂದು ಮಾತು ಕೊಟ್ಟೇಬಿಟ್ಟರು.

ಅಲ್ಲಿ ಎಲ್ಲರೂ ಮೈಯೆಲ್ಲ ಕಿವಿಯಾಗಿ ಕೂತಿದ್ದರೆ, ವಾಚನಾಲಯದ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ತೆರೆಯಲೇ ಇಲ್ಲ. ರಟ್ಟಪ್ಪನ ಮುಖ ಸಣ್ಣದಾಯಿತು.

"ಮನೇಲಿ ಚೆನ್ನಾಗೇ ಓದ್ತಿತ್ತಲ್ಲಮ್ಮ!"

ಮಗಳ ಜೊತೆ ಬಂದಿದ್ದ ಗೆಳತಿ ಕಂಪ್ಯೂಟರ್ ಟೀಚರ್. "ಅಂಕಲ್, ದನಿ ಹೊರಡಿಸೋದು ಒಂದು ಲೈಬ್ರರಿ. ಅಂದ್ರೆ ಬೇರೆಯವರು ಬರೆದಿಟ್ಟ ಸಿದ್ಧ ಭಾಗ. ಇವಳ ಕಂಪ್ಯೂಟರಲ್ಲಿ ಅದು ಮೊದಲೇ ಇತ್ತು, ಇಲ್ಲಿಲ್ಲ. ಮೇಲಾಗಿ ಇದು ಹಳೇ ಕಂಪ್ಯೂಟರ್. ಇದಕ್ಕೆ ಹೊಂದೋ ಹಾಗೆ ಪ್ರೋಗ್ರಾಂ ತಯಾರು ಮಾಡ್ಬೇಕು."

"ಆ ಲೈಬ್ರರೀನೂ ಒಳಗೆ ತುರುಕಿ ಕೊಟ್ಬಿಡಿ. ಯಾರಿಗೆ ಗೊತ್ತಾಗತ್ತೆ?" ಎಂದರು ರಟ್ಟಪ್ಪ.

"ಕೊಡಬಹುದು, ಕದ್ದುಮುಚ್ಚಿ ಅಲ್ಲ. ಅದರ ಲೈಸೆನ್ಸ್, ಅಂದ್ರೆ ಬಳಸೋ ಷರತ್ತಿನ ಪತ್ರ, ಜೊತೇಲಿರಬೇಕು, ಬರೆದವರ ಹೆಸರಿರಬೇಕು. ಬೇಕಾದವರು ಬದಲಾಯಿಸಿಕೊಳ್ಳೋ ಹಾಗೆ ಅದು ಬೇರೆ ಫೈಲಾಗಿರಬೇಕು. ಅದರ ಮೂಲ ಕೋಡೂ, ಅಂದ್ರೆ ಅದನ್ನ ಬರೆದಿರೋ ಸಾಲುಗಳೂ, ಕೇಳಿದವರಿಗೆ ಸಿಗಬೇಕು."

ರಟ್ಟಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. "ನನ್ನ ಮಗಳ ಕೆಲಸದಲ್ಲಿ ಕಂಡಕಂಡವರ ಹೆಸರು ಯಾಕೆ?"

ಮಗಳು ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ಅವರ ತೊಡೆಯ ಮೇಲಿಟ್ಟಳು. ರಟ್ಟಪ್ಪ ಅದರ ಬೆನ್ನು ಸವರಿದರು. "ಇದು ನಾನು ಕಟ್ಟಿದ್ದು!"

"ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ ಅಪ್ಪ?"

ಎಲ್ಲೂ ಇರಲಿಲ್ಲ. ಬರೆದವರದ್ದಿತ್ತು, ಅಚ್ಚು ಹಾಕಿದವರದ್ದಿತ್ತು. ಆ ನೋವನ್ನು ರಟ್ಟಪ್ಪ ಯಾರಿಗೂ ಹೇಳಿದವರಲ್ಲ. ಮಗಳಿಗೆ ಹೇಗೆ ತಿಳಿಯಿತೋ. ಪುಸ್ತಕದ ಬೆನ್ನನ್ನು ಇನ್ನೊಮ್ಮೆ ಸವರಿದರು.

"ಹಾಕಮ್ಮ," ಎಂದರು ಕೊನೆಗೆ. "ಒಬ್ಬರನ್ನೂ ಬಿಡಬೇಡ."

ಮಗಳು ಎಲ್ಲವನ್ನೂ ಸರಿಮಾಡಿ, ಬೇರೆ ಬೇರೆ ಕಂಪ್ಯೂಟರಿನಲ್ಲಿ ನಡೆಸಿ ನೋಡಿ, ಮತ್ತೆ ತಂದಳು. ಈ ಸಲ ತೆರೆದೊಡನೆ ಪ್ರೋಗ್ರಾಂ ಮಾತಾಡಿತು. ದನಿ ಮಾಡಿದವರ ಹೆಸರು ಓದಿತು, ಅಕ್ಷರ ಗುರುತಿಸುವ ಭಾಗ ಬರೆದವರ ಹೆಸರು ಓದಿತು, ಎಲ್ಲವನ್ನೂ ಜೋಡಿಸಿದ ಮಗಳ ಹೆಸರು ಓದಿತು. ಆಮೇಲೆ, "ಕೇಳಿ ಕೇಳಿ ತಿದ್ದಿಸಿದವರು" ಎಂದು ರಟ್ಟಪ್ಪನ ಹೆಸರು ಓದಿತು. ಅಡ್ಡಹೆಸರಲ್ಲ, ಹೆತ್ತವರು ಇಟ್ಟ ಹೆಸರು.

ರಟ್ಟಪ್ಪನ ಎದೆ ಉಬ್ಬಿತು. "ಇನ್ನೊಂದ್ಸಲ ಓದಿಸಮ್ಮ. ಹಿಂದೆ ಕೂತವರಿಗೆ ಕೇಳಿಸಿಲ್ಲ."

ಪ್ರೋಗ್ರಾಂ ಮಾಡಿ ಹಂಚುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಂಪ್ಯೂಟರಿನಲ್ಲಿ ನಡೆಯಿತೆಂದು ಸುಮ್ಮನಾಗಬೇಡಿ, ಪಡೆಯುವವರ ಕಂಪ್ಯೂಟರಿನಲ್ಲೂ ನಡೆಸಿ ನೋಡಿ. ಬಳಸಿದ ಪ್ರತಿ ಲೈಬ್ರರಿಯ ಲೈಸೆನ್ಸ್ ಓದಿ, ಒಂದೊಂದರ ಷರತ್ತು ಒಂದೊಂದು. ನಿಮ್ಮ ಹೆಸರನ್ನು ಹೆಮ್ಮೆಯಿಂದ ಹಾಕಿ. ನಿಮಗೆ ಹೆಗಲು ಕೊಟ್ಟವರ ಹೆಸರನ್ನೂ ಅಷ್ಟೇ ಹೆಮ್ಮೆಯಿಂದ ಹಾಕಿ.