ಗುಂಡುಗಳ ಹುಟ್ಟೂರು

ಬುಧವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸೈಕಲ್ ಪೆಡಲ್ ಕಾರ್ಖಾನೆಯ ಕಪಾಟಿನಲ್ಲಿ ಒಂಬತ್ತು ಡಬ್ಬಿ ಉಕ್ಕಿನ ಬೇರಿಂಗ್ ಗುಂಡು ಸೀಲು ಒಡೆಯದೆ ಉಳಿದಿದ್ದವು. ಲೆಕ್ಕದ ಪ್ರಕಾರ ಒಂದೂ ಉಳಿಯಬಾರದಿತ್ತು.

ಕಾರ್ಖಾನೆ ನಡೆಸುವವಳು ಅದರ ಮಾಲೀಕರ ಮನೆಯ ಸೊಸೆ. ಅವಳು ಡಬ್ಬಿಗಳನ್ನು ಎರಡು ಸಲ ಎಣಿಸಿದಳು. ಎರಡು ಸಲವೂ ಒಂಬತ್ತೇ. ತಂದಿದ್ದು ಹದಿನೈದು ಡಬ್ಬಿ, ಒಂದೊಂದರಲ್ಲಿ ಹತ್ತು ಸಾವಿರ ಗುಂಡು. ಆರು ಸಾವಿರ ಪೆಡಲಿಗೆ, ಪೆಡಲೊಂದಕ್ಕೆ ಇಪ್ಪತ್ತನಾಲ್ಕರಂತೆ, ಒಂದು ಲಕ್ಷದ ನಲವತ್ತನಾಲ್ಕು ಸಾವಿರ ಬೇಕು. ಆರು ಸಾವಿರ ಪೆಡಲಿಗೂ ಗುಂಡು ತುಂಬಿ ಹತ್ತು ನಿಮಿಷವಾಗಿತ್ತು. ಹಾಗಾದರೆ ಒಳಗೆ ಹೋದದ್ದು ಯಾವ ಗುಂಡು?

ಇದರ ಹಿಂದೆ ಖರೀದಿದಾರರ ಒಂದು ಪತ್ರವಿತ್ತು. ಪೆಡಲ್ ಕೊಳ್ಳುವ ದೇಶಕ್ಕೂ ಗುಂಡು ಮಾಡುವ ದೇಶಕ್ಕೂ ಯಾವುದೋ ವಿಷಯಕ್ಕೆ ಜಗಳವಾಗಿತ್ತು. ಸೈಕಲ್ಲಿಗೂ ಆ ಜಗಳಕ್ಕೂ ಏನೂ ಸಂಬಂಧವಿರಲಿಲ್ಲ. ಆದರೂ ಗುಂಡಿನ ದೇಶದ ಉಕ್ಕು ಒಂದು ಚೂರು ಇದ್ದರೂ ಇಡೀ ಸರಕಿಗೆ ನೂರಕ್ಕೆ ನಲವತ್ತೆಂಟು ಸುಂಕ ಎಂದು ಕೊಳ್ಳುವ ದೇಶ ಹಿಂದಿನ ವಾರ ನಿಯಮ ಮಾಡಿತು. ಸೊಸೆಯ ಆರು ಸಾವಿರ ಪೆಡಲ್ ಆಗಲೇ ಪೆಟ್ಟಿಗೆ ಸೇರಿದ್ದವು. ಆಕ್ಸಲ್, ಚೌಕಟ್ಟು, ಮುಚ್ಚಳ ಎಲ್ಲ ಸ್ಥಳೀಯ. ಗುಂಡು ಮಾತ್ರ ಆ ದೇಶದ್ದು. ಖರೀದಿದಾರರು ಸುಂಕ ಹೊರಲು ಒಪ್ಪಲಿಲ್ಲ. ಗುಂಡು ಬದಲಾಯಿಸಿ, 'ಈ ಪೆಡಲುಗಳಲ್ಲಿ ಆ ದೇಶದ ಒಂದು ಗುಂಡೂ ಇಲ್ಲ' ಎಂಬ ಕಾಗದಕ್ಕೆ ಸಹಿ ಹಾಕಿ, ಗುರುವಾರದ ಹಡಗಿಗೆ ಕಳಿಸಿದರೆ ಸರಿ. ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದರು. ಕಾರ್ಖಾನೆಗೆ ಇದ್ದದ್ದು ಅವರೊಬ್ಬರೇ ಗಿರಾಕಿ. ಸಹಿ ಸುಳ್ಳಾದರೆ ಐದು ವರ್ಷ ಏನನ್ನೂ ರಫ್ತು ಮಾಡುವಂತಿಲ್ಲ.

ಆ ದೇಶದ್ದಲ್ಲದ ಹದಿನೈದು ಡಬ್ಬಿ ಗುಂಡು ತರಿಸಿದ ಮೇಲೆ, ಸೋಮವಾರದಿಂದ ಎಂಟು ಹೆಂಗಸರು ಪೆಡಲ್ ಬಿಚ್ಚಲು ಕೂತರು. ಮುಚ್ಚಳ ತೆಗೆದು ಹಳೆಯ ಗುಂಡನ್ನು ತಟ್ಟೆಗೆ ಉದುರಿಸಬೇಕು. ಹನ್ನೆರಡು ಗುಳಿಯ ಮರದ ಸೌಟನ್ನು ಹೊಸ ಗುಂಡಿನ ತೊಟ್ಟಿಗೆ ಅದ್ದಿ ಅಲ್ಲಾಡಿಸಿದರೆ ಗುಳಿಗೊಂದರಂತೆ ಹನ್ನೆರಡು ಗುಂಡು ನಿಲ್ಲುತ್ತವೆ. ಅವನ್ನು ಗ್ರೀಸಿನ ಮೇಲೆ ಕೂರಿಸಿ, ಇನ್ನೊಂದು ತುದಿಗೂ ಹಾಗೇ ಮಾಡಿ, ಮುಚ್ಚಬೇಕು. ಆ ಎಂಟು ಜನರಲ್ಲಿ ಹಿರಿಯಳಿಗೆ 'ಮೀಟರ್' ಎಂದು ಹೆಸರು, ಯಾರು ಎಷ್ಟು ಪೆಡಲ್ ಮಾಡಿದರೆಂದು ನೋಡದೆಯೇ ಹೇಳುತ್ತಿದ್ದುದರಿಂದ.

ಸೊಸೆ ಮೀಟರನ್ನೇ ಕರೆದಳು.

"ತೊಟ್ಟಿಗೆ ಗುಂಡು ಸುರಿದವರು ಯಾರು?"

"ಸೋಮವಾರ ತೊಟ್ಟಿ ತೊಳೆದು ಐದು ಡಬ್ಬಿ ನಾನೇ ಸುರಿದೆ ಅಕ್ಕ. ಮಂಗಳವಾರ ಸಂಜೆ ಒಂದು."

"ಮತ್ತೆ?"

"ಮತ್ತೇನು? ಬೆಳಿಗ್ಗೆ ಬಂದ್ರೆ ತೊಟ್ಟಿ ತುಂಬಿರ್ತಿತ್ತು. ನೀವು ತುಂಬಿಸಿದೀರಿ ಅಂದ್ಕೊಂಡೆ."

"ನಾನು ನೀನು ತುಂಬಿಸ್ತಿದೀಯ ಅಂದ್ಕೊಂಡೆ."

"ಹಂಗಾದ್ರೆ ಅಕ್ಷಯಪಾತ್ರೆ ಆಗಿದೆ ಬಿಡಿ," ಎಂದಳು ಮೀಟರ್. ಸೊಸೆ ನಗಲಿಲ್ಲ. ಅವಳ ಕಣ್ಣು ಮೂಲೆಯಲ್ಲಿದ್ದ ಗೋಣಿಚೀಲದ ಮೇಲಿತ್ತು. ತಟ್ಟೆಗೆ ಉದುರಿದ ಹಳೆಯ ಗುಂಡನ್ನೆಲ್ಲ ಆ ಚೀಲಕ್ಕೆ ಹಾಕಿ ಎಂದು ಅವಳು ಹೇಳಿದ್ದಳು. ಮೂರು ದಿನದಲ್ಲಿ ಅದರಲ್ಲಿ ಮೂವತ್ತೇಳು ಕಿಲೋ ಸೇರಬೇಕಿತ್ತು. ಒಂದೇ ಕೈಯಲ್ಲಿ ಎತ್ತಲು ಬಂತು. ಒಳಗಿದ್ದದ್ದು ಆ ದಿನದ್ದು ಮಾತ್ರ.

ಹಿಂಬಾಗಿಲ ಬಳಿ ಒಂದು ಸೀಮೆಎಣ್ಣೆ ಬಕೆಟ್ ಇತ್ತು. ಪಕ್ಕದಲ್ಲಿ ಒಣಗಲು ಹರವಿದ ಹಳೆಯ ಪಂಚೆ. ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮಾವನವರು ಪೇಪರ್ ಓದುತ್ತಿದ್ದರು.

ಕಾರ್ಖಾನೆ ಶುರು ಮಾಡಿದವರು ಅವರೇ. ನಾಲ್ಕು ವರ್ಷದ ಹಿಂದೆ ನಿವೃತ್ತರಾಗಿದ್ದರು. ಆದರೂ ಸಂಜೆ ಆರಕ್ಕೆ ಎಲ್ಲರೂ ಹೋದ ಮೇಲೆ ನೆಲ ಗುಡಿಸಿ, ಅಯಸ್ಕಾಂತದಿಂದ ಸಂದುಗೊಂದಿನ ಗುಂಡು ಹೆಕ್ಕಿ, ತೊಳೆದು, ಒರೆಸಿ ತೊಟ್ಟಿಗೆ ಹಾಕುವ ಕೆಲಸವನ್ನು ಬಿಟ್ಟಿರಲಿಲ್ಲ. ಹೊಸ ಸುಂಕದ ವಿಷಯವನ್ನು ಸೊಸೆ ಗಂಡನಿಗೆ ಹೇಳಿದ್ದಳು, ಹೆಂಗಸರಿಗೆ ಹೇಳಿದ್ದಳು, ಲಾರಿಯವನಿಗೂ ಹೇಳಿದ್ದಳು. ನಿವೃತ್ತರಿಗೆ ಯಾಕೆ ತಲೆನೋವು ಎಂದು ಮಾವನವರಿಗೆ ಹೇಳಿರಲಿಲ್ಲ.

"ಮಾವ, ಆ ಚೀಲದ ಗುಂಡು ಏನ್ಮಾಡಿದ್ರಿ?"

"ಏನ್ಮಾಡೋದು? ತೊಳೆದು ತೊಟ್ಟಿಗೆ ಹಾಕಿದೆ," ಎಂದರು ಮಾವನವರು, ಪೇಪರ್ ಮಡಿಸದೆ. "ನಿಮ್ಮ ಕಾಲದವರಿಗೆ ಎಲ್ಲಾ ಎಸೆಯೋದೇ. ಒಂದು ಕಲೆ ಇಲ್ಲದ ಗುಂಡನ್ನ ಗೋಣಿಗೆ ತುಂಬಿಸಿದೀಯಲ್ಲಮ್ಮ! ನಲವತ್ತೊಂದು ವರ್ಷದಲ್ಲಿ ಈ ನೆಲದ ಮೇಲೆ ಒಂದು ಗುಂಡು ಹಾಳಾಗಿಲ್ಲ."

"ಎರಡು ದಿನವೂ?"

"ಎರಡು ದಿನವೂ. ಸೊಂಟ ಬಿದ್ದುಹೋಯ್ತು. ನಿನಗೆ ಕೆಲಸ ಜಾಸ್ತಿ ಅಂತ ಸುಮ್ಮನಿದ್ದೆ, ಹೇಳ್ಕೊಳ್ಳಲಿಲ್ಲ."

ಸೊಸೆ ಪಕ್ಕದ ಖಾಲಿ ಪೆಟ್ಟಿಗೆಯ ಮೇಲೆ ಕೂತು ಪತ್ರದ ವಿಷಯ ಹೇಳಿದಳು. ಮಾವನವರು ಈಗ ಪೇಪರ್ ಮಡಿಸಿದರು. ಅದಕ್ಕೇನು, ಹಳೆಯದು ಯಾವುದು ಹೊಸದು ಯಾವುದು ನೋಡಿದರೆ ನನಗೆ ಗೊತ್ತಾಗುತ್ತದೆ, ತೊಟ್ಟಿ ತಂದುಕೊಡಿ, ಆರಿಸಿ ಕೊಡುತ್ತೇನೆ ಎಂದರು. ಸೊಸೆ ಒಂದು ಡಬ್ಬಿ ಒಡೆದು ಹತ್ತು ಗುಂಡು ತಂದು ಅವರ ಅಂಗೈಗೆ ಹಾಕಿದಳು. ಅವರು ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಬೆರಳಲ್ಲಿ ಉರುಳಿಸಿ, ಆರನ್ನು ಹಳೆಯದೆಂದು ಒಂದು ಕಡೆ ಇಟ್ಟರು.

"ಹತ್ತೂ ಹೊಸ ಡಬ್ಬೀದು ಮಾವ."

"ಹಂಗಾದ್ರೆ ಹೊಸದಕ್ಕೂ ಹಳೇದಕ್ಕೂ ವ್ಯತ್ಯಾಸವೇ ಇಲ್ಲ," ಎಂದರು ಮಾವನವರು ಗೆದ್ದವರಂತೆ. "ಸುಂಕ ಯಾತಕ್ಕೆ?"

ಸೈನ್ ಮಾಡಿಸಲು ಕಾಗದ ಹಿಡಿದು ರಫ್ತು ಏಜೆಂಟ್ ಬಂದದ್ದು ಆಗಲೇ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಕಿವಿಗೆ ಸಿಕ್ಕಿಸಿದ ಪೆನ್ನು. ವಿಷಯ ಕೇಳಿದವನೇ ನಕ್ಕುಬಿಟ್ಟ.

"ಮೇಡಂ, ಇಷ್ಟೇನಾ? ಗುಂಡಿಗೆ ಪಾಸ್‌ಪೋರ್ಟ್ ಇರುತ್ತಾ? ಯಾವ ಆಫೀಸರ್ ಬಂದು ಪೆಡಲ್ ಬಿಚ್ಚಿ, ನಿಂದು ಯಾವೂರಪ್ಪಾ ಅಂತ ಗುಂಡನ್ನ ಕೇಳ್ತಾನೆ? ಸೈನ್ ಹಾಕಿ."

"ಸಹಿ ಗುಂಡಿನದಲ್ವಲ್ಲ. ನಂದು."

"ನಿಮ್ಮದೇ. ಯಾರಿಗೂ ಗೊತ್ತಾಗಲ್ಲ ಅಂತಿದೀನಿ."

"ಎಂಟು ಹೆಂಗಸರಿಗೆ ಗೊತ್ತು. ಮಾವನಿಗೆ ಗೊತ್ತು. ಈಗ ನಿಮಗೂ ಗೊತ್ತು."

"ನಾನು ಯಾರಿಗೆ ಹೇಳ್ತೀನಿ?"

"ಹೋದ ವರ್ಷ ಟೈರ್ ಕಾರ್ಖಾನೆಯವರ ಗುಟ್ಟು ನನಗೆ ಹೇಳಿದ್ದು ಯಾರು?"

ಏಜೆಂಟ್ ಪೆನ್ನನ್ನು ಕಿವಿಯಿಂದ ತೆಗೆದು ಜೇಬಿಗಿಟ್ಟ.

ಸೊಸೆ ಒಳಗೆ ಹೋಗಿ ಪೆಟ್ಟಿಗೆಗಳನ್ನು ನೋಡಿದಳು. ಪೆಟ್ಟಿಗೆಗೆ ಐವತ್ತು ಪೆಡಲ್. ತುಂಬಿದ ದಿನವನ್ನು ಮೀಟರ್ ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದಿದ್ದಳು. ಸೋಮವಾರದವು ಮೂವತ್ತಾರು. ಸೋಮವಾರ ಸಂಜೆಯವರೆಗೆ ಮಾವನವರ ಕೈ ತೊಟ್ಟಿಗೆ ಬಿದ್ದಿರಲಿಲ್ಲ. ಹಾಗಾಗಿ ಆ ಸಾವಿರದ ಎಂಟುನೂರು ಪೆಡಲ್ ಶುದ್ಧ. ಉಳಿದ ನಾಲ್ಕು ಸಾವಿರದ ಇನ್ನೂರು ಹೇಗೋ ಏನೋ. ಅವಳು ಖರೀದಿದಾರರ ಕಚೇರಿಗೆ ಫೋನ್ ಮಾಡಿದಳು. ಎತ್ತಿದವಳು ಅಲ್ಲಿಯ ಖರೀದಿ ಗುಮಾಸ್ತೆ; ಮಾತು ಮೆಲ್ಲಗೆ, ಪ್ರಶ್ನೆ ಚೂಪು.

"ಎಷ್ಟು ಖಚಿತ?"

"ಸಾವಿರದ ಎಂಟುನೂರು. ನಾಳೆ ಮಧ್ಯಾಹ್ನದೊಳಗೆ ಇನ್ನಷ್ಟು ಬಿಚ್ಚಿ ಸರಿ ಮಾಡಿ ಕಳಿಸ್ತೀವಿ. ಎಷ್ಟಾಗುತ್ತೋ ಅಷ್ಟಕ್ಕೇ ಸಹಿ ಹಾಕ್ತೀನಿ."

"ಬೆರಕೆ ಆಗಿದ್ದು ಹೇಗೆ?"

"ನಮ್ಮ ಮಾವ ನೆಲ ಗುಡಿಸ್ತಾರೆ."

ಆ ಕಡೆ ಬರೆದುಕೊಳ್ಳುವ ಸದ್ದು ಕೇಳಿತು. ಆಮೇಲೆ ಗುಮಾಸ್ತೆ, ಮೇಲಿನವರನ್ನು ಕೇಳಿ ಹೇಳುತ್ತೇನೆ, ಮಾಡಿದಷ್ಟನ್ನು ಲಾರಿಗೆ ಹಾಕಿ ಎಂದಳು.

ತೊಟ್ಟಿ ಖಾಲಿ ಮಾಡಿ, ತೊಳೆದು, ಸೀಲ್ ಡಬ್ಬಿ ಸುರಿಯುವಷ್ಟರಲ್ಲಿ ಐದು ಗಂಟೆ. ಆರರವರೆಗೆ ಕೆಲಸ ನಡೆಯಿತು. ಗುರುವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಕೂತರು. ಲೇತ್ ನಿಲ್ಲಿಸಿ ಗಂಡನೂ ಬಂದ. ಏಜೆಂಟನೂ ಕೈಗೆ ಸಿಕ್ಕಿದ. ನನ್ನದು ಪೇಪರ್ ಕೆಲಸ ಎಂದು ತಪ್ಪಿಸಿಕೊಳ್ಳಲು ನೋಡಿದ. ಮೀಟರ್ ಅವನ ಕೈಗೆ ಸೌಟು ಕೊಟ್ಟಳು.

"ಪೇಪರ್ ಆಮೇಲೆ. ಮೊದಲು ಅಲ್ಲಾಡಿಸಿ. ಹಂಗಲ್ಲ, ಮಗೂನ ತೂಗಿದ ಹಂಗೆ."

ಅವನು ಮಲಗಿದ ಮಗುವನ್ನು ಎಬ್ಬಿಸುವವನಂತೆ ಅಲ್ಲಾಡಿಸಿದ. ಅರ್ಧಕ್ಕರ್ಧ ಗುಂಡು ನೆಲಕ್ಕೆ ಹೋದವು.

ಕೆಳಗೆ ಬಿದ್ದದ್ದನ್ನು ಯಾರೂ ಎತ್ತಬಾರದು ಎಂದು ಸೊಸೆಯ ಆಜ್ಞೆ. ನೆಲದಲ್ಲಿ ಹಳೆಯದೂ ಇರಬಹುದು, ಹೊಸದೂ ಇರಬಹುದು. ಪೊರಕೆ, ಅಯಸ್ಕಾಂತ, ಸೀಮೆಎಣ್ಣೆ ಬಕೆಟ್ ಮೂರನ್ನೂ ಅವಳು ಕಚೇರಿಯ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದಳು. ಮಾವನವರನ್ನು ಬಾಗಿಲ ಬಳಿ ಕೂರಿಸಿ, ಲಾರಿ ಬಂದರೆ ಹೇಳಿ ಎಂದಿದ್ದಳು. ಅವರು ಲಾರಿ ಬರುವ ಕಡೆ ಒಮ್ಮೆಯೂ ನೋಡಲಿಲ್ಲ. ನೆಲದ ಮೇಲೆ ಗುಂಡು ಬಿದ್ದಾಗಲೆಲ್ಲ ಕುರ್ಚಿಯಲ್ಲೇ ಅರ್ಧ ಏಳುತ್ತಿದ್ದರು.

"ಅಗೋ, ಅಲ್ಲಿ, ಬೆಂಚಿನ ಕಾಲ ಹತ್ರ ಹನ್ನೊಂದು."

"ಇರಲಿ ಮಾವ."

"ಇರಲಿ ಅಂದ್ರೆ ಇರುತ್ತಾ? ಚರಂಡಿ ಕಡೆ ಉರುಳ್ತಿದೆ!"

"ಉರುಳಲಿ."

"ಇವನು ಇನ್ನೂ ಆರು ಬೀಳಿಸಿದ ನೋಡು. ಏನಪ್ಪಾ, ನಿಮ್ಮಪ್ಪನ ಮನೆ ಗುಂಡಾ?"

ಏಜೆಂಟ್ ಉತ್ತರ ಕೊಡಲು ಎದ್ದು, ಒಂದು ಹೆಜ್ಜೆ ಇಟ್ಟು, ಜಾರಿ ಕೂತ. ಬಿಳಿ ಷರ್ಟಿಗೆ ಗ್ರೀಸು ಹತ್ತಿತು. ಹೆಂಗಸರು ಸೌಟು ಕೆಳಗಿಟ್ಟು ನಕ್ಕರು. ಮೀಟರ್ ಮಾತ್ರ ನಗದೆ, "ಎರಡು ನಿಮಿಷ ಹಾಳು, ಎಂಟು ಪೆಡಲ್ ಕಮ್ಮಿ," ಎಂದಳು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಲಾರಿ ಬಂತು. ಮಾವನವರು ನೋಡಲಿಲ್ಲ, ಅದು ಹಾರ್ನ್ ಹಾಕಿತು. ಆಗ ಸರಿಯಾದದ್ದು ಸಾವಿರದ ಐನೂರು ಪೆಡಲ್, ಮೂವತ್ತು ಪೆಟ್ಟಿಗೆ. ಸೋಮವಾರದ ಮೂವತ್ತಾರು ಸೇರಿ ಅರವತ್ತಾರು. ಸೊಸೆ ಕಾಗದದಲ್ಲಿ ಆರು ಸಾವಿರ ಎಂದಿದ್ದನ್ನು ಹೊಡೆದುಹಾಕಿ ಮೂರು ಸಾವಿರದ ಮುನ್ನೂರು ಎಂದು ಬರೆದಳು. ತಿದ್ದಿದ ಕಡೆ ಒಂದು, ಕೆಳಗೆ ಒಂದು, ಎರಡು ಸಹಿ ಹಾಕಿದಳು. ಏಜೆಂಟ್ ಅದನ್ನು ಎರಡೇ ಬೆರಳಲ್ಲಿ ಹಿಡಿದು ಲಾರಿ ಹತ್ತಿದ. ಉಳಿದ ಬೆರಳಿಗೆಲ್ಲ ಗ್ರೀಸಾಗಿತ್ತು.

ಲಾರಿ ತಿರುವು ದಾಟಿದ ಮೇಲೆ ಸೊಸೆ ಕಪಾಟಿನ ಬೀಗ ತೆಗೆದು ಪೊರಕೆ ಕೊಟ್ಟಳು. ಮಾವನವರು ಸಂಜೆಯವರೆಗೆ ಗುಡಿಸಿ ಎರಡು ಕಿಲೋ ಇನ್ನೂರು ಗ್ರಾಂ ಹೆಕ್ಕಿದರು. ತೊಟ್ಟಿಯ ಮುಂದೆ ನಿಂತು, ಸೊಸೆಯ ಮುಖ ನೋಡಿ, ಗೋಣಿಗೆ ಸುರಿದರು.

ಮೂರು ಸಾವಿರದ ಮುನ್ನೂರು ಪೆಡಲನ್ನು ಖರೀದಿದಾರರು ಹೆಚ್ಚು ಸುಂಕವಿಲ್ಲದೆ ಬಿಡಿಸಿಕೊಂಡರು. ಉಳಿದ ಎರಡು ಸಾವಿರದ ಏಳುನೂರನ್ನು ಸೊಸೆ ಸುತ್ತಲಿನ ಊರುಗಳ ಸೈಕಲ್ ಅಂಗಡಿಗಳಿಗೆ ಕಡಿಮೆ ಬೆಲೆಗೆ ಕೊಟ್ಟಳು. ಅಲ್ಲಿ ಗುಂಡಿನ ಊರು ಯಾರೂ ಕೇಳಲಿಲ್ಲ. ಮುಂದಿನ ತಿಂಗಳು ಒಂಬತ್ತನೇ ತಾರೀಖು ಅದೇ ಖರೀದಿದಾರರಿಂದ ನಾಲ್ಕು ಸಾವಿರ ಪೆಡಲಿನ ಆರ್ಡರ್ ಬಂತು. ಜೊತೆಗಿದ್ದ ಕಾಗದಕ್ಕೆ ಹದಿನೇಳನೆಯ ಕಲಂ ಹೊಸದಾಗಿ ಸೇರಿತ್ತು: 'ನೆಲಕ್ಕೆ ಬಿದ್ದ ಬಿಡಿಭಾಗಗಳನ್ನು ಯಾರು ಎತ್ತುತ್ತಾರೆ, ಎಲ್ಲಿ ಇಡುತ್ತಾರೆ?' ಅದನ್ನು ಮಾವನವರು ತಮ್ಮ ಕೈಬರಹದಲ್ಲೇ ತುಂಬಿದರು.