ಮಗುವಿಗೆ ಮಾತ್ರ ಕ್ಯಾನ್ ನೀರು

ಆ ಬೀದಿಯ ನಲ್ಲಿಗಳಲ್ಲಿ ಒಂದು ವರ್ಷದಿಂದ ಮಣ್ಣು ಬಣ್ಣದ ನೀರು ಬರುತ್ತಿತ್ತು. ಮೊದಮೊದಲು ಜನ ಬೈದರು. ಆಮೇಲೆ ಕೈಲಾದವರು ಕ್ಯಾನ್ ನೀರಿಗೆ ಒಗ್ಗಿಕೊಂಡರು, ಬೈಯುವುದನ್ನೂ ಬಿಟ್ಟರು.

ಬೀದಿಯ ಕೊನೆಯ ಮನೆಯವನು ಕ್ಯಾನುಗಳಿಗೆ ನೀರು ತುಂಬುವ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ತುಂಬಿದ ಕ್ಯಾನಿನ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ಬಿಸಿಗಾಳಿ ಹಿಡಿದು ಸೀಲ್ ಕೂರಿಸುವುದು ಅವನ ಕೆಲಸ. ಎಲ್ಲರೂ ಅವನನ್ನು ಸೀಲಣ್ಣ ಎಂದೇ ಕರೆಯುತ್ತಿದ್ದರು. ವಾರಕ್ಕೊಂದು ಕ್ಯಾನ್ ಮನೆಗೆ ತರುತ್ತಿದ್ದ. ಅದು ಎರಡು ವರ್ಷದ ಮಗಳಿಗೆ ಮಾತ್ರ. ಅವನು, ಹೆಂಡತಿ, ತಾಯಿ ಮೂವರೂ ನಲ್ಲಿ ನೀರನ್ನೇ ಬಟ್ಟೆಯಲ್ಲಿ ಸೋಸಿ, ಕುದಿಸಿ ಕುಡಿಯುತ್ತಿದ್ದರು.

ಮಗುವಿಗೆ ಭೇದಿ ಶುರುವಾಗಿ ಮೂರನೇ ದಿನ ಆರೋಗ್ಯ ಕೇಂದ್ರದ ನರ್ಸಕ್ಕ ಬಂದಳು. ಮಗುವಿನ ಕಣ್ಣು ಗುಳಿಬಿದ್ದಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು.

“ಒಆರ್‌ಎಸ್ ಕೊಟ್ರಾ?”

“ಎರಡು ಪೊಟ್ಟಣ ಆಯ್ತು ನರ್ಸಕ್ಕ,” ಎಂದಳು ಮಗುವಿನ ತಾಯಿ. “ಕುಡಿಸಿದಷ್ಟೂ ಹೋಗ್ತಾನೇ ಇದೆ.”

“ಯಾವ ನೀರಲ್ಲಿ ಕಲಸಿದ್ರಿ?”

“ಕ್ಯಾನ್ ನೀರಲ್ಲೇ. ನಲ್ಲಿ ನೀರು ಒಂದು ಹನಿ ಮುಟ್ಟಿಸಿಲ್ಲ.”

“ಅದನ್ನ ಕುದಿಸಿದ್ರಾ?”

ಬಾಗಿಲಲ್ಲಿದ್ದ ಸೀಲಣ್ಣ ನಕ್ಕ. “ಶುದ್ಧ ನೀರನ್ನ ಯಾರಾದ್ರೂ ಕುದಿಸ್ತಾರಾ? ಸೀಲ್ ನಾನೇ ಹಾಕಿದ್ದು.”

“ಮನೇಲಿ ಇನ್ಯಾರಿಗೆ ಹೊಟ್ಟೆ ಕೆಟ್ಟಿದೆ?”

“ಯಾರಿಗೂ ಇಲ್ಲ,” ಎಂದಳು ಅಜ್ಜಿ. “ನಾನಂತೂ ಗುಂಡುಕಲ್ಲಿನ ಹಾಗಿದ್ದೀನಿ. ಕುದಿಸಿದ ನಲ್ಲಿ ನೀರೇ ನನ್ನ ಹಣೇಲಿ ಬರೆದಿರೋದು. ದುಡ್ಡಿನ ನೀರೆಲ್ಲ ಮೊಮ್ಮಗಳಿಗೆ.”

ನರ್ಸಕ್ಕ ಬರೆಯುವುದನ್ನು ನಿಲ್ಲಿಸಿದಳು. “ಕೊಳೆ ನೀರು ಕುದಿಸಿ ಕುಡಿದೋರು ಮೂರೂ ಜನ ಎದ್ದು ಓಡಾಡ್ತಿದ್ದೀರಿ. ಶುದ್ಧ ನೀರು ಕುಡಿದೋಳು ಮಲಗಿದ್ದಾಳೆ.”

“ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ನರ್ಸಕ್ಕ. ನಮ್ಮ ಶೆಡ್ಡಲ್ಲಿ ಫಿಲ್ಟರ್ ಇದೆ.”

“ಯಾವಾಗ ಬದಲಾಯ್ಸಿದ್ರು?”

“ನಾನು ಸೇರಿದ ಮೇಲಂತೂ ಬದಲಾಯ್ಸಿಲ್ಲ.”

“ವಾಪಸ್ ಬಂದ ಕ್ಯಾನ್ ತೊಳೀತಾರಾ?”

“ಒರೆಸ್ತಾರೆ.”

“ಒಳಗೆ?”

“ಬೇಸಿಗೇಲಿ ಅದಕ್ಕೆಲ್ಲ ಹೊತ್ತೆಲ್ಲಿರುತ್ತೆ?”

“ಕ್ಯಾನಿನ ಬಾಯಿ ಭದ್ರ ಮಾಡಿದ್ದೇ ಮಾಡಿದ್ದು,” ಎಂದಳು ಅಜ್ಜಿ. “ಒಳಗೇನಿದೆ ಅಂತ ನೋಡ್ಲಿಲ್ವೇನೋ ಮಗನೇ?”

“ಅದು ನನ್ನ ಕೆಲಸ ಅಲ್ಲಮ್ಮ.”

ಹೇಳಿ ಮುಗಿಸಿದ ಮೇಲೆ ಅವನು ಮಗುವಿನ ಕಡೆ ನೋಡಿದ. ಮಗು ಅಳಲೂ ಆಗದೆ ಬಾಯಿ ತೆರೆದು ಮುಚ್ಚುತ್ತಿತ್ತು. ಅವನೇ ಎತ್ತಿಕೊಂಡು ಆಟೋ ಹತ್ತಿದ.

ಆಸ್ಪತ್ರೆಯಲ್ಲಿ ಐದು ದಿನ ಗ್ಲೂಕೋಸ್ ಹಾಕಿದರು. ಮಗು ಉಳಿಯಿತು.

ಎದುರು ಮನೆಯ ದರ್ಜಿಯ ಮಗ ಉಳಿಯಲಿಲ್ಲ. ಅವನಿಗೆ ನಾಲ್ಕು ವರ್ಷ, ಅವನಿಗೂ ಭೇದಿಯೇ. ಅವರಿಗೆ ಅದೇ ಶೆಡ್ಡಿನ ಕ್ಯಾನ್ ಗೊತ್ತು ಮಾಡಿಕೊಟ್ಟವನು ಸೀಲಣ್ಣ. ‘ದೃಷ್ಟಿ ತಾಗಿದ್ರೆ ಹೀಗೇ ಆಗುತ್ತೆ, ಶಾಖಕ್ಕೆ ಹೀಗೇ ಆಗುತ್ತೆ’ ಎಂದು ಯಾರ್ಯಾರೋ ಹೇಳಿದ್ದನ್ನು ನಂಬಿ ಅವರು ಮನೆಯಲ್ಲೇ ಇಟ್ಟುಕೊಂಡಿದ್ದರು. ಸಾವಿನ ಮನೆಗೆ ಹೋದ ಸೀಲಣ್ಣನಿಗೆ ದರ್ಜಿ ಬೈಯಲಿಲ್ಲ. “ನಿನ್ನ ಮಗಳು ಹೇಗಿದ್ದಾಳೆ?” ಎಂದು ಕೇಳಿದ, ಅಷ್ಟೇ.

ಕ್ಯಾನ್ ನೀರಿನ ಪರೀಕ್ಷೆಯಾಯಿತು, ರೋಗಾಣುಗಳು ಸಿಕ್ಕವು, ಶೆಡ್ಡಿಗೆ ಬೀಗ ಬಿತ್ತು, ಅವನ ಕೆಲಸ ಹೋಯಿತು. ಮುಂದಿನ ಸೋಮವಾರ ಅವನು ನಲ್ಲಿಯ ಕೆಂಪು ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೀರು ಸರಬರಾಜು ಕಚೇರಿಗೆ ಹೋದ. ಬೀದಿಯ ಹನ್ನೊಂದು ಮನೆಯವರು ಹಿಂದೆ ಹೋದರು. ಬೀದಿಗೆ ನೀರು ತರುವ ಪೈಪು ಚರಂಡಿಯ ಪಕ್ಕದಲ್ಲೇ ಒಡೆದಿತ್ತು.

“ಒಂದು ವರ್ಷದಿಂದ ಏನು ಮಾಡ್ತಿದ್ರಿ?” ಎಂದು ಸೀಲಣ್ಣ ಕೇಳಿದ.

ಗುಮಾಸ್ತ ದಪ್ಪ ಪುಸ್ತಕ ತಿರುವಿದ. “ನಿಮ್ಮ ಬೀದಿಯಿಂದ ಒಂದೇ ಒಂದು ದೂರು ಬಂದಿಲ್ವಲ್ಲ.”

ಅದು ನಿಜವಾಗಿತ್ತು.

ಓದುತ್ತಿರುವವರೇ, ಕೇಳುತ್ತಿರುವವರೇ, ಈ ಭೂಮಿಯ ಮೇಲೆ ಕೋಟಿಗಟ್ಟಲೆ ಜನರಿಗೆ ಇವತ್ತಿಗೂ ಸುರಕ್ಷಿತ ಕುಡಿಯುವ ನೀರಿಲ್ಲ. ದುಡ್ಡಿದ್ದವರು ಬಾಟಲಿ ಕೊಂಡು ಸುಮ್ಮನಾದರೆ ಇಲ್ಲದವರ ಪೈಪನ್ನು ಕೇಳುವವರು ಯಾರೂ ಇರುವುದಿಲ್ಲ. ಕೊಂಡ ನೀರು ಎಂದ ಮಾತ್ರಕ್ಕೆ ಒಳ್ಳೆಯ ನೀರಲ್ಲ. ಎಲ್ಲಿ ತುಂಬುತ್ತಾರೆ, ಪರೀಕ್ಷೆ ಆಗಿದೆಯೇ, ಕ್ಯಾನ್ ತೊಳೆಯುತ್ತಾರೆಯೇ ಎಂದು ಕೇಳಿ. ಅನುಮಾನವಿದ್ದರೆ ಚೆನ್ನಾಗಿ ಕುದಿಸಿ, ಆರಿಸಿ, ಮುಚ್ಚಿಡಿ. ಒಆರ್‌ಎಸ್ ಕಲಸುವ ನೀರೂ ಅದೇ ಆಗಿರಲಿ. ನಲ್ಲಿ ನೀರಿನ ಬಣ್ಣ ಬದಲಾದ ದಿನವೇ ದೂರನ್ನು ಬರೆದುಕೊಡಿ, ಎಲ್ಲ ಮನೆಯವರೂ ಸಹಿ ಹಾಕಿ. ಮಗುವಿಗೆ ಭೇದಿ ಶುರುವಾದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ದರ್ಜಿಯ ಮನೆಯವರು ನಾಲ್ಕು ದಿನ ಕಾದಿದ್ದರು.